ಕನ್ನಡದ ಕಥೆ, ವಿಯೆನ್ನಾದ ರಂಗ: ‘ಎ ಫ್ಲವರಿಂಗ್ ಟ್ರೀ’

‘ಎ ಫ್ಲವರಿಂಗ್ ಟ್ರೀ’ ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ ರಚಿಸಿದ ಎರಡು ಅಂಕಗಳ ಸಂಗೀತ ನಾಟಕ. ಹೆಸರಿನ ಅರ್ಥ ‘ಹೂಬಿಡುವ ಮರ’. ಪಾಶ್ಚಾತ್ಯರು ಒಪೆರಾ ಎಂದು ಕರೆಯುವ ಪ್ರಕಾರಕ್ಕೆ ಸೇರಿದ ಈ ಕೃತಿಯ ಪ್ರಥಮ ಪ್ರಯೋಗ 2006ರ ನವೆಂಬರ್ 14ರಂದು ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ನಡೆಯಿತು. ಇದರ ವಸ್ತು ಮಾತ್ರ ನಮ್ಮದೇ. ಕನ್ನಡ ನಾಡಿನ ಹೆಂಗಸರು ಮನೆಗಳಲ್ಲಿ ಹೇಳಿಕೊಂಡು ಬಂದ ಜನಪದ ಕಥೆಯೊಂದು, ಮೈಸೂರಿನಲ್ಲಿ ಜನಿಸಿದ ವಿದ್ವಾಂಸ ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದ ಮೂಲಕ ಅಲ್ಲಿಗೆ ತಲುಪಿತು. ಹೊಸ ಕೃತಿಗಳನ್ನು ಉತ್ಸವಗಳೇ ಮುಂದೆ ನಿಂತು ಬರೆಸುವ ಪದ್ಧತಿಗೆ ಇದೊಂದು ಉತ್ತಮ ನಿದರ್ಶನ. ಬಾಯಿಮಾತಿನ ಕಥೆ ದೂರದೇಶಕ್ಕೆ ಹೋದಾಗ ಉಳಿಯುವುದೇನು, ಅಳಿಯುವುದೇನು ಎಂಬ ಪ್ರಶ್ನೆಯನ್ನೂ ಇದು ನಮ್ಮ ಮುಂದಿಡುತ್ತದೆ.

ಕಥೆಯ ಸಾರ

ಕೂಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದ ಮುದುಕಿಯೊಬ್ಬಳ ಮನೆಯಿಂದ ಕಥೆ ಆರಂಭವಾಗುತ್ತದೆ. ತಾಯಿಯ ಕಷ್ಟ ನೋಡಲಾರದೆ ಕಿರಿಯ ಮಗಳು ಹೂಮರವಾಗಲು ನಿರ್ಧರಿಸುತ್ತಾಳೆ. ಉಗುರು ಸೋಂಕದಂತೆ ತಂದ ಎರಡು ಕೊಡ ನೀರಿನಲ್ಲಿ ಒಂದನ್ನು ಅಕ್ಕ ಅವಳ ಮೇಲೆ ಹೊಯ್ದರೆ ಅವಳು ಮರವಾಗುತ್ತಾಳೆ. ಎಲೆ, ಕೊಂಬೆಗಳಿಗೆ ನೋವಾಗದಂತೆ ಹೂ ಬಿಡಿಸಿ, ಇನ್ನೊಂದು ಕೊಡದ ನೀರು ಹೊಯ್ದರೆ ಮತ್ತೆ ಹುಡುಗಿಯಾಗುತ್ತಾಳೆ. ಆ ಹೂಗಳನ್ನು ಕಟ್ಟಿ ಅರಮನೆಗೆ ಮಾರಿದ್ದರಿಂದ ರಾಜಕುಮಾರನಿಗೆ ಗುಟ್ಟು ತಿಳಿದು, ಅವನು ಅವಳನ್ನು ಮದುವೆಯಾಗುತ್ತಾನೆ.

ನಿಜವಾದ ಸಂಕಟ ಮದುವೆಯ ನಂತರದ್ದು. ನಾದಿನಿ ಗೆಳತಿಯರೊಡನೆ ಅವಳನ್ನು ತೋಟಕ್ಕೆ ಕರೆದೊಯ್ದು, ಮರವಾಗುವಂತೆ ಬಲವಂತ ಮಾಡುತ್ತಾಳೆ. ಹುಡುಗಿಯರು ಮನಬಂದಂತೆ ಹೂ ಕಿತ್ತು, ಕೊಂಬೆ ಮುರಿದು, ನೀರನ್ನು ಅರೆಬರೆ ಚೆಲ್ಲಿ ಓಡುತ್ತಾರೆ. ಅತ್ತ ಮರವೂ ಆಗದೆ ಇತ್ತ ಹೆಣ್ಣೂ ಆಗದೆ, ಕೈಕಾಲಿಲ್ಲದ ಜೀವವಾಗಿ ಅವಳು ಚರಂಡಿಯಲ್ಲಿ ಬೀಳುತ್ತಾಳೆ. ಆಕೆಯನ್ನು ಮೇಲೆತ್ತುವವರು ಹತ್ತಿ ಗಾಡಿಯವರು. ಹತ್ತಿ ಬೆಳೆಗೆ ಹೆಸರಾದ ಹೆಗ್ಗಡದೇವನಕೋಟೆ ಸೀಮೆಯ ಓದುಗರಿಗೆ ಈ ಗಾಡಿಗಳು ಹೊಸತೆನಿಸಲಾರವು. ಕೊನೆಗೆ, ಬೈರಾಗಿಯಂತೆ ಅಲೆಯುತ್ತಿದ್ದ ಗಂಡ ಅವಳನ್ನು ಗುರುತಿಸುತ್ತಾನೆ. ನೀರು ಹೊಯ್ದು ಮರವಾಗಿಸಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಸರಿಪಡಿಸಿ, ಎರಡನೆಯ ಕೊಡದ ನೀರಿನಿಂದ ಅವಳನ್ನು ಮರಳಿ ಹೆಣ್ಣಾಗಿಸುತ್ತಾನೆ.

ಸಂಗ್ರಾಹಕ ರಾಮಾನುಜನ್

1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅತ್ತಿಪಟ್ ಕೃಷ್ಣಸ್ವಾಮಿ ರಾಮಾನುಜನ್ ಮಹಾರಾಜ ಕಾಲೇಜಿನಲ್ಲಿ ಓದಿದವರು. ಸುಮಾರು ಮೂರು ದಶಕ ಕಾಲ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಬೋಧಿಸಿ, 1993ರಲ್ಲಿ ನಿಧನರಾದರು. ಅವರೂ ಅವರ ಸಹವಿದ್ವಾಂಸರೂ ಕರ್ನಾಟಕದಲ್ಲಿ ಈ ಕಥೆಯ ಹಲವು ಪಾಠಗಳನ್ನು ಸಂಗ್ರಹಿಸಿದ್ದರು. ಅವರ ಕನ್ನಡ ಜನಪದ ಕಥೆಗಳ ಇಂಗ್ಲಿಷ್ ಸಂಕಲನ 1997ರಲ್ಲಿ, ಅಂದರೆ ಮರಣೋತ್ತರವಾಗಿ, ಇದೇ ಕಥೆಯ ಹೆಸರು ಹೊತ್ತು ಪ್ರಕಟವಾಯಿತು.

ಇದು ‘ಹೆಣ್ಣಿನ ಕಥೆ’ ಎಂಬುದು ರಾಮಾನುಜನ್ ಅವರ ವ್ಯಾಖ್ಯಾನ. ಹೆಣ್ಣು ಮೈನೆರೆಯುವುದಕ್ಕೂ ಹೂವಿಗೂ ನಮ್ಮ ಭಾಷೆಗಳಲ್ಲಿರುವ ನಂಟನ್ನು ಅವರು ಗುರುತಿಸಿದರು. ಹೂಬಿಡುವ ಗಳಿಗೆಯೇ ಆಕೆ ಅತ್ಯಂತ ಅಸಹಾಯಕಳಾಗಿರುವ ಗಳಿಗೆಯೂ ಹೌದು. ಮಾತಿಲ್ಲದ ಹೆಣ್ಣು ತನ್ನ ಕಥೆಯನ್ನು ತನ್ನದಾಗಿಸಿಕೊಂಡು ಮಾತನಾಡುವ ವ್ಯಕ್ತಿಯಾಗುವುದೇ ಇಂತಹ ಕಥೆಗಳ ತಿರುಳು ಎಂಬುದು ಅವರ ಅಭಿಪ್ರಾಯ.

ಉತ್ಸವ ಬರೆಸಿದ ಕೃತಿ

ಮೊಟ್ಸಾರ್ಟ್ ಜನಿಸಿ 250 ವರ್ಷ ತುಂಬಿದ ಸಂದರ್ಭದಲ್ಲಿ, 2006ರ ಕೊನೆಯಲ್ಲಿ, ವಿಯೆನ್ನಾ ನಗರವು ‘ನ್ಯೂ ಕ್ರೌನ್ಡ್ ಹೋಪ್’ ಎಂಬ ಉತ್ಸವವನ್ನು ಏರ್ಪಡಿಸಿತು. ಅದರ ನಿರ್ದೇಶಕರು ಅಮೆರಿಕದ ರಂಗಕರ್ಮಿ ಪೀಟರ್ ಸೆಲ್ಲರ್ಸ್. ಮೊಟ್ಸಾರ್ಟನ ಕೃತಿಗಳನ್ನೇ ಮತ್ತೆ ನುಡಿಸುವ ಬದಲು, ಅವನ ಕೊನೆಯ ವರ್ಷದ ಕೃತಿಗಳ ಆಶಯಗಳನ್ನು ಹಿಡಿದು ಇಂದಿನ ಕಲಾವಿದರಿಂದ ಹೊಸತನ್ನು ಬರೆಸಬೇಕೆಂಬುದು ಅವರ ನಿಲುವಾಗಿತ್ತು. ಫಿನ್ಲೆಂಡಿನ ಕಾಯಾ ಸಾರಿಯಾಹೊ ಅವರ ‘ಲಾ ಪಾಸಿಯೋಂ ದ ಸಿಮೋನ್’ ಕೂಡ ಇದೇ ಉತ್ಸವದಲ್ಲಿ ಮೊದಲು ಪ್ರದರ್ಶನಗೊಂಡಿತು. ಎಳೆಯ ಜೋಡಿಯೊಂದು ಕಷ್ಟಗಳನ್ನು ದಾಟಿ ಪಕ್ವವಾಗುವ ಮೊಟ್ಸಾರ್ಟನ ‘ದಿ ಮ್ಯಾಜಿಕ್ ಫ್ಲೂಟ್’ಗೆ ಸಂವಾದಿಯಾಗಿ ಆಡಮ್ಸ್ ಆರಿಸಿಕೊಂಡದ್ದು ಕನ್ನಡದ ಈ ಕಥೆಯನ್ನು.

ಇಂತಹ ಕೃತಿಯ ವೆಚ್ಚವನ್ನು ಒಂದೇ ಸಂಸ್ಥೆ ಹೊರುವುದು ಕಷ್ಟ. ಆದ್ದರಿಂದ ಉತ್ಸವದ ಜೊತೆಗೆ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿ, ಲಂಡನ್ನಿನ ಬಾರ್ಬಿಕನ್ ಸೆಂಟರ್, ನ್ಯೂಯಾರ್ಕಿನ ಲಿಂಕನ್ ಸೆಂಟರ್ ಹಾಗೂ ಬರ್ಲಿನ್ ಫಿಲ್ಹಾರ್ಮೋನಿಕ್ ಕೈಜೋಡಿಸಿದವು. ಹೀಗೆ ಹಲವರು ಸೇರಿ ಬರೆಸುವುದರಿಂದ ಖರ್ಚು ಹಂಚಿಹೋಗುತ್ತದೆ. ಕೃತಿಯೂ ಒಂದೇ ಊರಿನಲ್ಲಿ ಒಂದೆರಡು ಪ್ರದರ್ಶನಕ್ಕೆ ಮುಗಿಯದೆ ಹಲವು ನಗರಗಳ ಕೇಳುಗರನ್ನು ಮುಟ್ಟುತ್ತದೆ.

ರಂಗರೂಪ

ಸಾಹಿತ್ಯವನ್ನು ಆಡಮ್ಸ್ ಮತ್ತು ಸೆಲ್ಲರ್ಸ್ ಜೊತೆಯಾಗಿ ಸಿದ್ಧಪಡಿಸಿದರು. ರಾಮಾನುಜನ್ ಅನುವಾದಿಸಿದ ಪ್ರಾಚೀನ ಕವಿತೆಗಳನ್ನೂ ಅದರಲ್ಲಿ ಬಳಸಿಕೊಂಡರು. ಹಾಡುವ ಪಾತ್ರಗಳು ಮೂರೇ. ಮೂಲದಲ್ಲಿ ಹೆಸರಿಲ್ಲದ ಹುಡುಗಿಗೆ ಇಲ್ಲಿ ಕುಮುದಾ ಎಂಬ ಹೆಸರು ಬಂದಿದೆ. ಉಳಿದವರು ರಾಜಕುಮಾರ ಮತ್ತು ಕಥೆಗಾರ. ವಿಯೆನ್ನಾದಲ್ಲಿ ಜೆಸಿಕಾ ರಿವೆರಾ, ರಸೆಲ್ ಥಾಮಸ್ ಹಾಗೂ ಎರಿಕ್ ಓವೆನ್ಸ್ ಈ ಪಾತ್ರಗಳನ್ನು ಹಾಡಿದರು. ವೆನೆಜುವೆಲಾದ ಯುವ ವಾದ್ಯಗಾರರು ಮತ್ತು ಗಾಯಕವೃಂದ, ಇಂಡೋನೇಷ್ಯಾದ ಜಾವಾ ನರ್ತಕರು ಭಾಗವಹಿಸಿದರು. ಪಾತ್ರಗಳು ಇಂಗ್ಲಿಷಿನಲ್ಲಿ ಹಾಡಿದರೆ ವೃಂದದವರು ಸ್ಪ್ಯಾನಿಷ್ ಭಾಷೆಯಲ್ಲಿ ಹಾಡಿದರು. 2014ರಲ್ಲಿ ಪ್ಯಾರಿಸ್ಸಿನ ಶಾಟ್ಲೆ ರಂಗಮಂದಿರದಲ್ಲಿ ಇದನ್ನು ನಿರ್ದೇಶಿಸಿದವರು ಹಿಂದಿ ಚಿತ್ರರಂಗದ ವಿಶಾಲ್ ಭಾರದ್ವಾಜ್.

ಇದಕ್ಕೂ ಮೊದಲೇ, 1992ರಲ್ಲಿ, ಗಿರೀಶ ಕಾರ್ನಾಡರು ಇದೇ ಕಥೆಯನ್ನು ಆಧರಿಸಿ ‘ಚೆಲುವಿ’ ಎಂಬ ಹಿಂದಿ ಚಿತ್ರವನ್ನು ನಿರ್ದೇಶಿಸಿದ್ದರು. ಅವರು ಅದನ್ನು ಕಾಡಿನ ನಾಶದ ಕಥೆಯಾಗಿಯೂ ಕಂಡರು.

ಮೈಸೂರಿನ ಹಳೆಯ ನಂಟು

ಪಾಶ್ಚಾತ್ಯ ಸಂಗೀತದೊಡನೆ ಮೈಸೂರು ಸೀಮೆಯ ಕೊಡುಕೊಳೆ ಇದೇ ಮೊದಲಲ್ಲ. ಜಯಚಾಮರಾಜ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದದ್ದು ಅವರ ಧನಸಹಾಯದಿಂದ. ಅಂದು ಮೈಸೂರಿನ ಹಣ ಯುರೋಪಿನ ಸಂಗೀತವನ್ನು ಪೋಷಿಸಿತು. 2006ರಲ್ಲಿ ಯುರೋಪಿನ ಹಣ ಕನ್ನಡದ ಕಥೆಗೆ ಸಂಗೀತ ಕಟ್ಟಿಸಿತು.

ಹೇಳಿದವರ ಋಣ

ಇಷ್ಟಾದರೂ ಒಂದು ಕೊರತೆಯನ್ನು ಗಮನಿಸಲೇಬೇಕು. ಹೆಂಗಸರು ಹೆಂಗಸರಿಗೂ ಮಕ್ಕಳಿಗೂ ಹೇಳುತ್ತಿದ್ದ ಕಥೆಯನ್ನು ವಿಯೆನ್ನಾದ ರಂಗದಲ್ಲಿ ನಿರೂಪಿಸಿದ್ದು ಗಂಡುದನಿ. ಅದು ಹುಟ್ಟಿದ ಭಾಷೆ ಆ ಹಾಡುಗಳಲ್ಲಿ ಕೇಳಲಿಲ್ಲ. ಮಾತಿಲ್ಲದ ಹೆಣ್ಣು ಮಾತು ಗಳಿಸುವ ಕಥೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಇಂತಹ ಕಥೆಯನ್ನು ಕನ್ನಡದಲ್ಲೇ ಹಾಡಿ ಆಡುವ ಶಕ್ತಿ ನಮ್ಮ ರಂಗಭೂಮಿಗೆ ಇಲ್ಲವೆನ್ನಲಾಗದು. 2010ರಲ್ಲಿ ಮೈಸೂರಿನ ರಂಗಾಯಣ, ಸಿ. ಬಸವಲಿಂಗಯ್ಯ ಅವರ ನಿರ್ದೇಶನ ಮತ್ತು ಹಂಸಲೇಖ ಅವರ ಸಂಗೀತದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಇರುಳಿಡೀ ಬಯಲಿನಲ್ಲಿ ಆಡಿ ತೋರಿಸಿತು. ಉತ್ಸವಗಳು ಮನಸ್ಸು ಮಾಡಿದರೆ ಜನಪದ ಕಥೆಗಳಿಗೂ ಅಂತಹ ರೂಪ ದೊರೆತೀತು.

ಅದಕ್ಕೆ ಬೇಕಾದ ಕಥೆಗಳನ್ನು ಕೇಳಿ ಬರೆದಿಡುವ ಕೆಲಸ ನಮ್ಮ ಹಳ್ಳಿ, ಹಾಡಿಗಳಲ್ಲಿ ಆಗಬೇಕಾಗಿದೆ. ಹೇಳಿದವರು ಯಾರು, ಯಾವ ಊರಿನವರು, ಯಾವ ಮಾತಿನಲ್ಲಿ ಹೇಳಿದರು ಎಂಬುದನ್ನೂ ಜೊತೆಗೇ ದಾಖಲಿಸಬೇಕು. ಹೂ ಬಿಡಿಸುವವರು ಕೊಂಬೆ ಮುರಿಯಬಾರದು, ಎರಡನೆಯ ಕೊಡದ ನೀರು ಹೊಯ್ಯದೆ ಹಿಂದಿರುಗಬಾರದು ಎಂಬ ಕಟ್ಟಳೆಯನ್ನು ಈ ಕಥೆಯೇ ಹಾಕಿಕೊಟ್ಟಿದೆ. ಕಥೆ ಸಂಗ್ರಹಿಸುವವರಿಗೂ ಆ ಕಟ್ಟಳೆ ಸಲ್ಲುತ್ತದೆ.