ತಯಾರಕರ ಬಿಲ್ಲೆ (ಹಳೆಯ ಮೋಟಾರು ವಾಹನಗಳ)

ಹಳೆಯ ಕಾರು, ಲಾರಿಗಳ ಭಾಗಗಳ ಮೂಲವನ್ನು ನಿರ್ಣಯಿಸಲು ಆಧಾರವಾಗುವ, ತಯಾರಕರೇ ಅಂಕಿತವನ್ನು ಒತ್ತಿ ರಿವೆಟ್ಟಿನಿಂದ ಬಿಗಿದ ಲೋಹದ ಫಲಕ. 1908ರಲ್ಲಿ ಡೆಟ್ರಾಯಿಟಿನಲ್ಲಿ ಸ್ಥಾಪಿತವಾಗಿ 1926ರಲ್ಲಿ ಜನರಲ್ ಮೋಟರ್ಸಿನಲ್ಲಿ ಸಂಪೂರ್ಣ ಲೀನವಾದ, ಕಾರಿನ ಬಾಡಿಗಳನ್ನು ತಯಾರಿಸುತ್ತಿದ್ದ ಫಿಷರ್ ಸಂಸ್ಥೆಯ ಫಲಕವು ಎಂಜಿನ್ನಿನ ಹಿಂದಣ ತಗಡಿನ ಗೋಡೆಯ ಮೇಲಿರುತ್ತದೆ. ಈ ಸಂಸ್ಥೆಯ 1930ರ ದಶಕದ ಅನೇಕ ಫಲಕಗಳಲ್ಲಿ ಶೈಲಿಸಂಖ್ಯೆಯ ಮೊದಲೆರಡು ಅಂಕಿಗಳು ಮಾದರಿಯ ವರ್ಷವನ್ನೂ, ಇತರ ಸಂಖ್ಯೆಗಳು ಬಾಡಿಯ ಕ್ರಮಾಂಕ, ಒಳಹೊದಿಕೆ ಹಾಗೂ ಬಣ್ಣಗಳನ್ನೂ ಸೂಚಿಸುತ್ತವೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಂಥ ಹತ್ತಿಯ ಸೀಮೆಯ ಲಾರಿಗಳ ವಿಷಯದಲ್ಲಾದರೋ ವಿಶೇಷ ವಿವೇಚನೆ ಅವಶ್ಯ. ನಮ್ಮ ದೇಶದಲ್ಲಿ ಲಾರಿಯು ಬಹುಮಟ್ಟಿಗೆ ಬರಿಯ ಚಾಸಿಯಾಗಿಯೇ ಮಾರಾಟವಾಗಿ, ಅದರ ಕ್ಯಾಬಿನ್ನೂ ಸರಕಿನ ತೊಟ್ಟಿಯೂ ಬಡಿಗರ, ಕಮ್ಮಾರರ ಕೈಯಲ್ಲಿ ಸಿದ್ಧವಾಗುತ್ತಿದ್ದುದರಿಂದ, ಬಿಲ್ಲೆಯ ಸಾಕ್ಷ್ಯವು ಚಾಸಿಗೆ ಸಲ್ಲುವುದೇ ಹೊರತು ಮರದ ಬಾಡಿಗೆ ಸಲ್ಲದು. ಆ ಬಾಡಿಯೂ ಸಂರಕ್ಷಣೆಗೆ ಅರ್ಹವಾದ ಕುಶಲಕಲೆಯೇ ಸರಿ. ಜಮಶೇಡ್‌ಪುರದಲ್ಲಿ 1954ರಿಂದ ತಯಾರಾದ ಟಾಟಾ-ಮರ್ಸಿಡಿಸ್ ಲಾರಿಗಳ ಮೂರು ಮೊನೆಯ ನಕ್ಷತ್ರದ ಲಾಂಛನವು, 1969ರಲ್ಲಿ ಆ ಎರಡು ಸಂಸ್ಥೆಗಳ ಒಪ್ಪಂದ ಮುಗಿದ ಬಳಿಕ ತೆರವಾಯಿತು. ಆದರೆ ಮುಂಭಾಗದ ಲಾಂಛನವನ್ನು ಬದಲಿಸುವುದು ಸುಲಭವಾದ್ದರಿಂದ ಅದೊಂದನ್ನೇ ನಂಬಲಾಗದು. ರಿವೆಟ್ಟಿನ ಸ್ಥಳದಲ್ಲಿ ಸ್ಕ್ರೂ ಕಂಡರೆ ಫಲಕವು ಸ್ಥಾನಾಂತರಗೊಂಡಿರಬಹುದೆಂದು ಶಂಕಿಸತಕ್ಕದ್ದು. ಹಾಗೆಯೇ ಎರಕದ ಭಾಗದ ಮೇಲಿನ ಸಂಖ್ಯೆಯೂ ಬಿಡಿಭಾಗಗಳ ಪಟ್ಟಿಯ ಸಂಖ್ಯೆಯೂ ಅನೇಕ ವೇಳೆ ಭಿನ್ನ. ಮಸುಕಾದ ಅಂಕಿಗಳನ್ನು ತಂತಿಬ್ರಶ್ಶಿನಿಂದ ಉಜ್ಜದೆ, ಸೀಮೆಎಣ್ಣೆಯ ಬಟ್ಟೆಯಿಂದ ಮೃದುವಾಗಿ ಒರೆಸಿ, ತೆಳುಕಾಗದವನ್ನಿರಿಸಿ ಪೆನ್ಸಿಲ್ ಆಡಿಸಿದರೆ ಅವು ಮೂಡುತ್ತವೆ.