ಮಕ್ಕಳ ನೇತ್ರ ತಪಾಸಣೆ: ಮನೆಯ ಎಲ್ಲ ಮಕ್ಕಳನ್ನೂ ಕರೆತರುವ ಪೋಷಕರಿಗೆ ಮಾಹಿತಿ

ಪೀಠಿಕೆ

ಶಾಲಾ ವಯಸ್ಸಿನ ಮಕ್ಕಳಲ್ಲಿ ಕಂಡುಬರುವ ದೃಷ್ಟಿದೋಷಗಳಲ್ಲಿ ಬಹುಪಾಲು ಕನ್ನಡಕದಿಂದ ಸರಿಪಡಿಸಬಹುದಾದಂಥವು. ಆದಾಗ್ಯೂ ಅವು ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯುವುದುಂಟು. ಇದಕ್ಕೆ ಮುಖ್ಯ ಕಾರಣವೆಂದರೆ ಮಗು ದೂರು ಹೇಳದಿರುವುದು. ಮೊದಲಿನಿಂದಲೂ ಮಸುಕಾಗಿಯೇ ನೋಡುತ್ತ ಬಂದ ಮಗು, ಎಲ್ಲರಿಗೂ ಹೀಗೆಯೇ ಕಾಣುತ್ತದೆ ಎಂದು ತಿಳಿದಿರುತ್ತದೆ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಾತ್ರ ಮಂದವಾಗಿದ್ದಲ್ಲಿ, ಆ ಮಗು ಓದಿನಲ್ಲಾಗಲಿ ಆಟದಲ್ಲಾಗಲಿ ಹಿಂದೆ ಬೀಳದೆಯೂ ಇರಬಹುದು.

ಆದ್ದರಿಂದ ತಲೆನೋವು, ಕಪ್ಪುಹಲಗೆ ಕಾಣದಿರುವುದು ಮುಂತಾದ ತೊಂದರೆಗಳಿಗಾಗಿ ಒಂದು ಮಗುವನ್ನು ನೇತ್ರ ವೈದ್ಯರಲ್ಲಿಗೆ ಕರೆತರುವ ಪೋಷಕರು, ಮನೆಯ ಉಳಿದ ಮಕ್ಕಳನ್ನೂ ಅದೇ ಸಂದರ್ಭದಲ್ಲಿ ತಪಾಸಣೆಗೆ ಒಳಪಡಿಸುವುದು ಸೂಕ್ತ. ತೊಂದರೆ ಹೇಳಿದ ಮಗುವಿಗಿಂತ ಏನನ್ನೂ ಹೇಳದ ಮಗುವಿನಲ್ಲಿ ಹೆಚ್ಚಿನ ದೋಷ ಪತ್ತೆಯಾಗುವ ಸಂದರ್ಭಗಳೂ ಇರುತ್ತವೆ.

ಒಡಹುಟ್ಟಿದವರ ತಪಾಸಣೆ ಏಕೆ ಅವಶ್ಯ

ಸಮೀಪದೃಷ್ಟಿ, ದೂರದೃಷ್ಟಿ ಹಾಗೂ ಮೆಳ್ಳೆಗಣ್ಣು ಕುಟುಂಬಗಳಲ್ಲಿ ಹರಿದುಬರುವ ಪ್ರವೃತ್ತಿಯುಳ್ಳವು. ತಂದೆ ತಾಯಿಯರಿಬ್ಬರೂ ಕನ್ನಡಕ ಧರಿಸುವವರಾಗಿದ್ದಲ್ಲಿ ಮಕ್ಕಳಿಗೆ ಸಮೀಪದೃಷ್ಟಿ ಬರುವ ಸಾಧ್ಯತೆ ಹೆಚ್ಚು. ಸೋದರಮಾವ, ಅತ್ತೆಯ ಮಗ ಮುಂತಾದ ಹತ್ತಿರದ ರಕ್ತಸಂಬಂಧದಲ್ಲಿ ವಿವಾಹವಾದ ದಂಪತಿಗಳ ಮಕ್ಕಳಲ್ಲಿ ಅಕ್ಷಿಪಟಲದ ಕೆಲವು ಆನುವಂಶಿಕ ಕಾಯಿಲೆಗಳು ಒಂದಕ್ಕಿಂತ ಹೆಚ್ಚು ಮಕ್ಕಳಲ್ಲಿ ಕಾಣಿಸಿಕೊಳ್ಳಬಹುದು. ಸಂಜೆಯಾಗುತ್ತಲೇ ಹಿರಿಯ ಮಗು ಎಡವಲು ತೊಡಗಿದೆಯೆಂದರೆ ಕಿರಿಯ ಮಗುವಿನ ಕಣ್ಣನ್ನೂ ಪರೀಕ್ಷಿಸಬೇಕು. ಇರುಳುಗುರುಡಿಗೆ ಎ ಜೀವಸತ್ವದ ಕೊರತೆಯೂ ಕಾರಣವಾಗಬಹುದಾದ್ದರಿಂದ, ಕಾರಣ ಯಾವುದೆಂದು ವೈದ್ಯರೇ ನಿರ್ಧರಿಸಬೇಕಾಗುತ್ತದೆ.

ಕಣ್ಣಿನ ಪಾಪೆಯಲ್ಲಿ ಬಿಳಿಯ ಹೊಳಪು ಕಂಡುಬಂದಲ್ಲಿ ಒಂದು ದಿನವೂ ತಡಮಾಡತಕ್ಕದ್ದಲ್ಲ. ಫ್ಲ್ಯಾಶ್ ಬಳಸಿ ತೆಗೆದ ಛಾಯಾಚಿತ್ರದಲ್ಲಿ ಒಂದು ಕಣ್ಣು ಕೆಂಪಾಗಿಯೂ ಇನ್ನೊಂದು ಬೆಳ್ಳಗೂ ಕಂಡು ಮನೆಯವರಿಗೆ ಇದು ಮೊದಲು ಗೊತ್ತಾಗುವುದುಂಟು. ಇದು ಹುಟ್ಟಿನಿಂದ ಬಂದ ಕಣ್ಣಿನ ಪೊರೆ ಆಗಿರಬಹುದು, ಅಥವಾ ರೆಟಿನೊಬ್ಲಾಸ್ಟೋಮಾ ಎಂಬ ಅಕ್ಷಿಪಟಲದ ಕ್ಯಾನ್ಸರ್ ಆಗಿರಬಹುದು. ಎರಡನೆಯದು ಬಹುತೇಕ 5 ವರ್ಷದೊಳಗಿನ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಬೇಗ ಪತ್ತೆಯಾದಲ್ಲಿ ಮಗುವಿನ ಜೀವವನ್ನೂ, ಅನೇಕ ವೇಳೆ ಕಣ್ಣನ್ನೂ ಉಳಿಸಲು ಸಾಧ್ಯವಿದೆ. ಒಂದು ಮಗುವಿನಲ್ಲಿ ಇದು ದೃಢಪಟ್ಟರೆ ಒಡಹುಟ್ಟಿದವರೆಲ್ಲರ ಕಣ್ಣಿನ ಒಳಭಾಗವನ್ನು ಪರೀಕ್ಷಿಸಬೇಕು.

ಸೋಮಾರಿ ಕಣ್ಣು

ಎರಡೂ ಕಣ್ಣುಗಳಿಂದ ಸಮನಾದ ಚಿತ್ರ ಬಾರದಿದ್ದಲ್ಲಿ ಮೆದುಳು ಮಸುಕಾದ ಕಣ್ಣಿನ ಚಿತ್ರವನ್ನು ಕಡೆಗಣಿಸಲು ಕಲಿಯುತ್ತದೆ. ಕಾಲಕ್ರಮದಲ್ಲಿ ಆ ಕಣ್ಣಿನ ದೃಷ್ಟಿ ಬೆಳೆಯುವುದೇ ನಿಂತುಹೋಗುತ್ತದೆ. ಈ ಸ್ಥಿತಿಗೆ ಆಂಬ್ಲಿಯೋಪಿಯಾ ಎಂದು ಹೆಸರು. ಆಡುಮಾತಿನಲ್ಲಿ ಸೋಮಾರಿ ಕಣ್ಣು ಎನ್ನಲಾಗುತ್ತದೆ. ಹೊರನೋಟಕ್ಕೆ ಕಣ್ಣು ಸಂಪೂರ್ಣ ಸಹಜವಾಗಿರುತ್ತದೆ. 7–8 ವರ್ಷದೊಳಗೆ ಚಿಕಿತ್ಸೆ ಆರಂಭಿಸಿದಲ್ಲಿ ಉತ್ತಮ ಫಲ ದೊರೆಯುತ್ತದೆ. ಆನಂತರ ಫಲ ಕಡಿಮೆಯಾಗುತ್ತ ಹೋಗುತ್ತದೆಯಾದರೂ, ದೊಡ್ಡ ಮಕ್ಕಳಲ್ಲಿಯೂ ಕೆಲವರಿಗೆ ಪ್ರಯೋಜನವಾಗುವುದರಿಂದ ವಯಸ್ಸು ಮೀರಿತೆಂದು ಕೈಚೆಲ್ಲಬೇಕಾಗಿಲ್ಲ.

ಚಿಕಿತ್ಸೆ ಸರಳ, ಆದರೆ ತಾಳ್ಮೆ ಬೇಡುವಂಥದು. ಮೊದಲು ಸೂಕ್ತ ಕನ್ನಡಕ ನೀಡಲಾಗುತ್ತದೆ. ಬಳಿಕ ಅವಶ್ಯವಿದ್ದಲ್ಲಿ ಚೆನ್ನಾಗಿರುವ ಕಣ್ಣಿಗೆ ದಿನಕ್ಕೆ 2 ಗಂಟೆಯಿಂದ 6 ಗಂಟೆಯವರೆಗೆ ಪಟ್ಟಿ ಹಾಕಿ, ಮಂದವಾದ ಕಣ್ಣಿನಿಂದಲೇ ನೋಡುವಂತೆ ಮಾಡಲಾಗುತ್ತದೆ. ಕಾಣುವ ಕಣ್ಣನ್ನೇ ಮುಚ್ಚುವುದರಿಂದ ಮಗು ಅಳುವುದು, ಪಟ್ಟಿ ಕಿತ್ತೆಸೆಯುವುದು ಸಾಮಾನ್ಯ. ಇದನ್ನು ಕಂಡು ಅಜ್ಜ ಅಜ್ಜಿಯರು ಮರುಕಪಟ್ಟು ಪಟ್ಟಿ ತೆಗೆಸುವುದೂ ಉಂಟು. ಹಾಗಾಗದಂತೆ ಮನೆಯ ಹಿರಿಯರಿಗೆ ಮೊದಲೇ ವಿಷಯ ತಿಳಿಸಿರುವುದು ಒಳಿತು.

ಮೆಳ್ಳೆಗಣ್ಣು ಅದೃಷ್ಟದ ಲಕ್ಷಣವೆಂಬ ನಂಬಿಕೆ ಕೆಲವೆಡೆ ಇದೆ. 6 ತಿಂಗಳು ತುಂಬಿದ ಮೇಲೂ ಮಗುವಿನ ಕಣ್ಣು ಓರೆಯಾಗಿಯೇ ಇದ್ದಲ್ಲಿ ಅದು ಚಿಕಿತ್ಸೆ ಬೇಕಾದ ದೋಷವೆಂದೇ ತಿಳಿಯಬೇಕು. ದೊಡ್ಡದಾದಂತೆ ತಾನಾಗಿ ಸರಿಹೋಗುತ್ತದೆಂದು ಕಾಯುವ ವರ್ಷಗಳಲ್ಲೇ ಸೋಮಾರಿ ಕಣ್ಣು ಬಲಿಯುತ್ತದೆ.

ತಪಾಸಣೆ ಎಲ್ಲಿ ದೊರೆಯುತ್ತದೆ

ಕೇಂದ್ರ ಸರ್ಕಾರವು 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. 2017ರಲ್ಲಿ ಇದರ ಹೆಸರಿಗೆ ದೃಷ್ಟಿದೋಷ ಎಂಬ ಪದವನ್ನೂ ಸೇರಿಸಲಾಯಿತು. ಸದರಿ ಕಾರ್ಯಕ್ರಮದಡಿ ಶಾಲಾ ಮಕ್ಕಳ ದೃಷ್ಟಿಯನ್ನು ಪ್ರಾಥಮಿಕವಾಗಿ ಪರೀಕ್ಷಿಸಿ, ದೋಷವಿರುವ ಬಡ ಕುಟುಂಬಗಳ ಮಕ್ಕಳಿಗೆ ಉಚಿತ ಕನ್ನಡಕ ನೀಡಲು ಅವಕಾಶವಿದೆ. ತರಬೇತಿ ಪಡೆದ ಶಿಕ್ಷಕರು 6 ಮೀಟರ್ ದೂರದಿಂದ ಮಗುವಿಗೆ ಅಕ್ಷರದ ಕಾರ್ಡನ್ನು ತೋರಿಸಿ, ಓದಲಾರದ ಮಕ್ಕಳನ್ನು ನೇತ್ರಾಧಿಕಾರಿಗಳಲ್ಲಿಗೆ ಕಳುಹಿಸುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ಸಾಮಾನ್ಯ ಆರೋಗ್ಯ ತಪಾಸಣೆಯೊಡನೆ ಕಣ್ಣಿನ ದೋಷಗಳನ್ನೂ ಗುರುತಿಸಲಾಗುತ್ತದೆ. ಇದರ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡುವ ವ್ಯವಸ್ಥೆಯಿದೆ.

ಶಾಲೆಯಲ್ಲಿ ನಡೆಯುವುದು ಜರಡಿ ಹಿಡಿಯುವ ಕೆಲಸ ಮಾತ್ರ. ಅದು ಸಂಪೂರ್ಣ ತಪಾಸಣೆಯಲ್ಲ. ಶಾಲೆಯಿಂದ ಬಂದ ಶಿಫಾರಸು ಚೀಟಿ ಪುಸ್ತಕದ ಚೀಲದಲ್ಲೇ ಉಳಿದು ಮುಂದಿನ ವರ್ಷ ಅದೇ ಮಗುವಿಗೆ ಮತ್ತೊಂದು ಚೀಟಿ ಬರುವುದು ವಿಷಾದಕರ. ಚೀಟಿಯೊಡನೆ ಪೋಷಕರು ಸಮೀಪದ ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ನೇತ್ರ ವಿಭಾಗವನ್ನು ಸಂಪರ್ಕಿಸಬೇಕು. ಬೆಂಗಳೂರಿನಲ್ಲಿ 1896ರಲ್ಲಿ ಸ್ಥಾಪಿತವಾದ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿಯೂ ಈ ಸೇವೆ ಲಭ್ಯವಿದೆ. ಪಡಿತರ ಚೀಟಿ ಹಾಗೂ ಮಕ್ಕಳ ಆಧಾರ್ ಪ್ರತಿಗಳನ್ನು ಜೊತೆಗೆ ತರುವುದು ಅನುಕೂಲ. ಶಸ್ತ್ರಚಿಕಿತ್ಸೆ ಅವಶ್ಯವೆಂದು ಕಂಡುಬಂದಲ್ಲಿ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವು ದೊರೆಯುವುದೇ ಎಂಬುದನ್ನು ಆಸ್ಪತ್ರೆಯಲ್ಲಿಯೇ ವಿಚಾರಿಸಬಹುದು.

ಯಾವ ತೊಂದರೆ ಇಲ್ಲದಿದ್ದರೂ ಮಗು ಶಾಲೆಗೆ ಸೇರುವ ಮುನ್ನ, ಅಂದರೆ 3–4 ವರ್ಷದ ಹೊತ್ತಿಗೆ, ಒಮ್ಮೆ ತಪಾಸಣೆ ಆಗಿರಬೇಕು. ಅವಧಿಗೆ ಮುನ್ನ ಜನಿಸಿದ ಅಥವಾ 2 ಕಿಲೋಗ್ರಾಂಗಿಂತ ಕಡಿಮೆ ತೂಕದ ಶಿಶುಗಳ ವಿಷಯ ಬೇರೆ. ಅಂಥ ಶಿಶುವಿನ ಅಕ್ಷಿಪಟಲ ಪರೀಕ್ಷೆಯು ಜನನದಿಂದ 30 ದಿನ ತುಂಬುವುದರೊಳಗೆ ನಡೆಯಬೇಕು.

ಹಲವು ಮಕ್ಕಳೊಡನೆ ಆಸ್ಪತ್ರೆಗೆ ಬರುವ ದಿನ

ಮೂರು ಮಕ್ಕಳ ತಪಾಸಣೆಗೆ ಸಾಮಾನ್ಯವಾಗಿ ಅರ್ಧ ದಿನಕ್ಕಿಂತ ಕಡಿಮೆ ಹಿಡಿಯದು. ಬೆಳಿಗ್ಗೆ ಹೊರರೋಗಿ ವಿಭಾಗ ತೆರೆಯುತ್ತಲೇ ಹಾಜರಿದ್ದು, ಪ್ರತಿಯೊಂದು ಮಗುವಿನ ಹೆಸರಿನಲ್ಲಿಯೂ ಪ್ರತ್ಯೇಕ ಚೀಟಿ ಮಾಡಿಸಬೇಕು. ಮಕ್ಕಳಿಗೆ ತಿಂಡಿ ತಿನ್ನಿಸಿಯೇ ಕರೆತರುವುದು ಒಳಿತು. ಸಾಧ್ಯವಿದ್ದಲ್ಲಿ ಇಬ್ಬರು ಹಿರಿಯರು ಜೊತೆಗಿರಬೇಕು. ಒಬ್ಬರು ಮಗುವಿನೊಡನೆ ಒಳಗೆ ಹೋದಾಗ ಉಳಿದವರನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕಾಗುತ್ತದೆ. ಅತಿ ಚಿಕ್ಕ ಮಗುವನ್ನು ಮೊದಲು ತೋರಿಸುವುದು ಸೂಕ್ತ. ದಣಿದು ನಿದ್ದೆಗೆ ಜಾರುವ ಮಗುವಿನಿಂದ ಸರಿಯಾದ ಉತ್ತರ ದೊರೆಯುವುದಿಲ್ಲ.

ಒಂದು ಮಗುವಿನ ದೃಷ್ಟಿ ಪರೀಕ್ಷೆ ನಡೆಯುವಾಗ ಉಳಿದವರು ಕೊಠಡಿಯ ಹೊರಗಿರತಕ್ಕದ್ದು. ಹಿಂದೆ ನಿಂತು ಕೇಳಿಸಿಕೊಂಡ ತಮ್ಮ ಅಕ್ಕ ಓದಿದ ಅಕ್ಷರಗಳನ್ನು ಬಾಯಿಪಾಠವಾಗಿ ಒಪ್ಪಿಸುವುದು, ತಂಗಿ ತಡವರಿಸಿದಾಗ ಅಣ್ಣ ಪಿಸುಮಾತಿನಲ್ಲಿ ಹೇಳಿಕೊಡುವುದು ತಪಾಸಣಾ ಕೊಠಡಿಗಳಲ್ಲಿ ಹೊಸತಲ್ಲ. ಪ್ರೀತಿಯಿಂದ ಮಾಡಿದ ಈ ಸಹಾಯದಿಂದ ದೋಷ ಮುಚ್ಚಿಹೋಗುತ್ತದೆ. ಅಕ್ಷರ ಕಲಿಯದ ಮಕ್ಕಳಿಗೆ ಚಿತ್ರಗಳನ್ನು, ಅಥವಾ ನಾಲ್ಕು ದಿಕ್ಕಿಗೆ ತಿರುಗಿಸಿದ ಇಂಗ್ಲಿಷಿನ ‘ಇ’ ಆಕಾರವನ್ನು ತೋರಿಸಲಾಗುತ್ತದೆ. ಮಗು ಅದರ ಕಡ್ಡಿಗಳು ಯಾವ ಕಡೆಗಿವೆಯೆಂದು ಬೆರಳಿನಿಂದ ತೋರಿಸಿದರೆ ಸಾಕು. ಹಿಂದಿನ ದಿನ ಮನೆಯಲ್ಲಿ ಇದನ್ನು ಆಟದಂತೆ ಆಡಿಸಿದ್ದರೆ ಕೆಲಸ ಸುಲಭವಾಗುತ್ತದೆ. ಕಣ್ಣು ಮುಚ್ಚುವಾಗ ಬೆರಳುಗಳಿಂದಲ್ಲ, ಅಂಗೈಯಿಂದ ಒತ್ತದೆ ಮುಚ್ಚಬೇಕು. ಬೆರಳ ಸಂದಿಯಿಂದ ಇಣುಕದ ಮಗು ಅಪರೂಪ.

ಕಣ್ಣಿಗೆ ಹಾಕುವ ಔಷಧ

ಮಕ್ಕಳ ಕಣ್ಣು ತನ್ನ ದೋಷವನ್ನು ಪ್ರಯಾಸದಿಂದ ತಾನೇ ಮರೆಮಾಚಬಲ್ಲದು. ಆದಕಾರಣ ಕಣ್ಣಿನೊಳಗಿನ ಸ್ನಾಯುವನ್ನು ಸಡಿಲಿಸುವ ಔಷಧ ಹಾಕಿದ ನಂತರವೇ ನಿಖರವಾದ ಪವರ್ ತಿಳಿಯುತ್ತದೆ. ದೊಡ್ಡ ಮಕ್ಕಳಿಗೆ ಸಾಮಾನ್ಯವಾಗಿ ಆಸ್ಪತ್ರೆಯಲ್ಲೇ ಹನಿ ಹಾಕಲಾಗುತ್ತದೆ. ಇದರ ಪರಿಣಾಮ ಔಷಧಕ್ಕೆ ಅನುಗುಣವಾಗಿ ಒಂದರಿಂದ ಮೂರು ದಿನ ಇರಬಹುದು. ಚಿಕ್ಕ ಮಕ್ಕಳಿಗೆ, ವಿಶೇಷವಾಗಿ ಮೆಳ್ಳೆಗಣ್ಣಿದ್ದವರಿಗೆ, ಅಟ್ರೋಪಿನ್ ಮುಲಾಮನ್ನು ಮನೆಯಲ್ಲಿ ಕೆಲವು ದಿನ ಹಚ್ಚಿ ಮರಳಿ ಬರಲು ವೈದ್ಯರು ತಿಳಿಸಬಹುದು. ಅದರ ಪರಿಣಾಮ ಸುಮಾರು ಎರಡು ವಾರದವರೆಗೂ ಉಳಿಯುತ್ತದೆ. ಈ ಅವಧಿಯಲ್ಲಿ ಹತ್ತಿರದ ಅಕ್ಷರ ಮಸುಕಾಗುವುದು, ಬಿಸಿಲು ಕಣ್ಣಿಗೆ ಚುಚ್ಚುವುದು ಸಹಜ. ಪರೀಕ್ಷೆಯ ವಾರದಲ್ಲಿ ಮಕ್ಕಳನ್ನು ಕರೆತಂದು ಪರಿತಪಿಸುವ ಬದಲು ರಜೆಯ ದಿನಗಳನ್ನು ಆರಿಸಿಕೊಳ್ಳುವುದು ಲೇಸು. ಮಸುಕು ತಿಳಿಯಾಗುವವರೆಗೆ ಮಗುವಿಗೆ ಸೈಕಲ್ ಕೊಡಬಾರದು.

ಹಲವು ಮಕ್ಕಳಿರುವ ಮನೆಯಲ್ಲಿ ಅಟ್ರೋಪಿನ್ ಬಗ್ಗೆ ವಿಶೇಷ ಎಚ್ಚರ ಬೇಕು. ಇದು ಹೊಟ್ಟೆಗೆ ಹೋದಲ್ಲಿ ವಿಷವಾಗುವ ಔಷಧ. ಟ್ಯೂಬನ್ನು ಮಕ್ಕಳ ಕೈಗೆಟುಕದಂತೆ ಇಡತಕ್ಕದ್ದು, ಹಚ್ಚಿದ ನಂತರ ಕೈ ತೊಳೆಯತಕ್ಕದ್ದು, ಒಂದು ಮಗುವಿಗೆ ಬರೆದುಕೊಟ್ಟಿದ್ದನ್ನು ಇನ್ನೊಂದು ಮಗುವಿಗೆ ಯಾವ ಕಾರಣಕ್ಕೂ ಹಚ್ಚತಕ್ಕದ್ದಲ್ಲ. ಮುಖ ಕೆಂಪೇರುವುದು, ಜ್ವರ, ಬಾಯಿ ಒಣಗುವುದು ಅಥವಾ ಮಗು ಅಸಂಬದ್ಧವಾಗಿ ಮಾತನಾಡುವುದು ಕಂಡುಬಂದಲ್ಲಿ ಔಷಧ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಕರೆತರಬೇಕು. ಮಗುವಿಗೆ ಜ್ವರ, ಮೂರ್ಛೆರೋಗ ಅಥವಾ ಹೃದಯದ ತೊಂದರೆ ಇದ್ದಲ್ಲಿ ಔಷಧ ಹಾಕುವ ಮೊದಲೇ ತಿಳಿಸಬೇಕು.

ವಸತಿ ಶಾಲೆಯ ಮಕ್ಕಳನ್ನು ಗುಂಪಾಗಿ ಕರೆತರುವ ನಿಲಯಪಾಲಕರಿಗೂ ಇದೇ ಅನ್ವಯಿಸುತ್ತದೆ. ಪೋಷಕರ ಒಪ್ಪಿಗೆ ಪಡೆದು, ಯಾವ ಮಗುವಿಗೆ ಯಾವ ಔಷಧ ಹಾಕಲಾಯಿತೆಂದು ಹೆಸರಿನ ಮುಂದೆ ಬರೆದಿಟ್ಟುಕೊಳ್ಳಬೇಕು.

ಕನ್ನಡಕ ಪಡೆದ ನಂತರ

ಒಬ್ಬರ ಕನ್ನಡಕವನ್ನು ಇನ್ನೊಬ್ಬರಿಗೆ ಹಾಕುವುದು ಸರಿಯಲ್ಲ; ಅಣ್ಣನಿಗೆ ಚಿಕ್ಕದಾದ ಅಂಗಿಯಂತೆ ಕನ್ನಡಕ ತಮ್ಮನಿಗೆ ಇಳಿದುಬರುವ ವಸ್ತುವಲ್ಲ. ಗಾಜಿಗಿಂತ ಒಡೆಯದ ಪ್ಲಾಸ್ಟಿಕ್ ಮಸೂರಗಳು ಮಕ್ಕಳಿಗೆ ಸುರಕ್ಷಿತ. ಕನ್ನಡಕ ಧರಿಸಿದರೆ ಪವರ್ ಹೆಚ್ಚುತ್ತದೆಂಬ ಮಾತಿಗೆ ಆಧಾರವಿಲ್ಲ. ಮದುವೆಗೆ ತೊಡಕಾದೀತೆಂದು ಹೆಣ್ಣುಮಗುವಿಗೆ ಕನ್ನಡಕ ಕೊಡಿಸದೆ ಗಂಡುಮಗುವಿಗೆ ಮಾತ್ರ ಕೊಡಿಸುವುದು ಆಕೆಯ ಓದನ್ನೇ ಕಸಿದಂತೆ. ಎದೆಹಾಲು, ಜೇನು, ಹರಳೆಣ್ಣೆ, ಸೊಪ್ಪಿನ ರಸಗಳನ್ನು ಕಣ್ಣಿಗೆ ಬಿಡುವುದರಿಂದ ಪವರ್ ಇಳಿಯುವುದಿಲ್ಲ. ಸೋಂಕು ತಗಲಿ ಕಣ್ಣಿಗೆ ಹಾನಿಯಾಗಬಹುದು.

ಮಕ್ಕಳು ಬೆಳೆಯುತ್ತಿರುವುದರಿಂದ ವರ್ಷಕ್ಕೊಮ್ಮೆ ಮರುತಪಾಸಣೆ ಅವಶ್ಯ. ಸೋಮಾರಿ ಕಣ್ಣಿನ ಚಿಕಿತ್ಸೆಯಲ್ಲಿರುವ ಮಗುವನ್ನು ವೈದ್ಯರು ಸೂಚಿಸಿದಂತೆ ಇನ್ನೂ ಬೇಗ ಕರೆತರಬೇಕಾಗುತ್ತದೆ. ಪ್ರತಿ ಬಾರಿಯೂ ಹಳೆಯ ಚೀಟಿ, ಈಗ ಬಳಸುತ್ತಿರುವ ಕನ್ನಡಕ ಎರಡನ್ನೂ ತರತಕ್ಕದ್ದು. ಕನ್ನಡಕ ಮುರಿದಿದ್ದಲ್ಲಿ ಮುರಿದ ಚೂರುಗಳನ್ನಾದರೂ ತಂದರೆ ಮಸೂರದ ಪವರ್ ಅಳೆಯಲು ಸಹಾಯವಾಗುತ್ತದೆ.