ಲಕೋಟೆಯನ್ನೂ ಕೆತ್ತಿದ ಬಂಡೆ

ಮನೆಯಲ್ಲಿ ಒಂದೇ ಪ್ರಿಂಟರ್. ವೈಫೈ ಮೂಲಕ ಅದಕ್ಕೆ ಜೋಡಿಸಿದ ಎರಡು ಲ್ಯಾಪ್‌ಟಾಪ್, ಮೂರು ಫೋನ್. ಇವತ್ತು ಬಹಳ ಮನೆಗಳ ಕಥೆ ಇದೇ. ಪ್ರಿಂಟರ್ ಕೈಕೊಟ್ಟಾಗ ಎಲ್ಲರೂ ಮೊದಲು ಮಾಡೋದು ಆಫ್ ಮಾಡಿ ಆನ್ ಮಾಡೋದು. ಮಾಡಿ, ಬೇಡ ಅನ್ನಲ್ಲ. ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ತೊಂದರೆ ಎಲ್ಲರಿಗೂ ಆಗ್ತಿದೆಯಾ, ಒಬ್ಬರಿಗೆ ಮಾತ್ರವಾ?

ಒಂದು ಲ್ಯಾಪ್‌ಟಾಪಿನಿಂದ ಮಾತ್ರ ಬರ್ತಿಲ್ಲ ಅಂದ್ರೆ ಅದರ ಕ್ಯೂನಲ್ಲಿ ಏನೋ ಸಿಕ್ಕಿಕೊಂಡಿದೆ, ಇಲ್ಲವೇ ಅದು ಗೆಸ್ಟ್ ನೆಟ್‌ವರ್ಕಿನಲ್ಲಿ ಕೂತಿದೆ. ಯಾರಿಗೂ ಬರ್ತಿಲ್ಲ, ಆದರೆ ಪ್ರಿಂಟರ್ ತಾನಾಗಿ ಟೆಸ್ಟ್ ಪೇಜ್ ಕೊಡ್ತಿದೆ ಅಂದ್ರೆ ಮಷೀನು ಸರಿಯಿದೆ, ದಾರಿ ತಪ್ಪಿದೆ. ಎಲ್ಲರ ಪ್ರತಿಯಲ್ಲೂ ಒಂದೇ ಜಾಗದಲ್ಲಿ ಒಂದೇ ತಪ್ಪಿದ್ದರೆ ಪ್ರಿಂಟರನ್ನು ಬೈಯಬೇಡಿ, ಮೂಲ ಫೈಲ್ ತೆಗೆದು ನೋಡಿ.

ನಾನು ಓದಿದ್ದು ಬಿ.ಇ., ಇತಿಹಾಸವಲ್ಲ. ಆದರೆ ಶಾಸನಗಳ ಬಗ್ಗೆ ಓದ್ತಾ ಹೋದಾಗ ಗೊತ್ತಾಗಿದ್ದು, ಶಾಸನತಜ್ಞರು ಕೇಳೋದೂ ಇದೇ ಪ್ರಶ್ನೆ. ಅದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಚಳ್ಳಕೆರೆ ಪಕ್ಕದ ಮೊಳಕಾಲ್ಮುರು ತಾಲ್ಲೂಕಿನಲ್ಲೇ ಇದೆ.

1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಮೂರೂ ಒಂದಕ್ಕೊಂದು ಹತ್ತಿರ ಹತ್ತಿರದಲ್ಲೇ ಇವೆ. ಕ್ರಿ.ಪೂ. 3ನೇ ಶತಮಾನದ್ದು, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಒಂದೇ ಸಂದೇಶದ ಮೂರು ಪ್ರಿಂಟ್ ಅಂದುಕೊಳ್ಳಿ. ಬ್ರಹ್ಮಗಿರಿಯ ಬಂಡೆಗೆ ಜನ ಇಟ್ಟ ಹೆಸರು ಅಕ್ಷರಗುಂಡು. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು. ಆ ಪ್ರತಿ ತುಂಬಾ ಸವೆದಿದೆ, ಉಳಿದೆರಡನ್ನು ಪಕ್ಕದಲ್ಲಿಟ್ಟುಕೊಂಡೇ ಅದನ್ನು ಓದಬೇಕು. ಬ್ಯಾಕಪ್ ಯಾಕೆ ಬೇಕು ಅನ್ನೋದಕ್ಕೆ ಬೇರೆ ಪಾಠವೇ ಬೇಡ.

ಈಗ ಪ್ರತಿಗಳನ್ನು ಹೋಲಿಸೋಣ. ಬ್ರಹ್ಮಗಿರಿ ಶಾಸನದಲ್ಲಿ 256 ಅನ್ನೋ ಸಂಖ್ಯೆ ಬರುತ್ತೆ. ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಅಂತ ಅನೇಕ ವಿದ್ವಾಂಸರು ಹೇಳ್ತಾರೆ. (ನಮ್ಮಂಥವರಿಗೆ 256 ಕಂಡ ಕೂಡಲೇ ಒಂದು ಬೈಟ್ ನೆನಪಾಗೋದು ಬೇರೆ ಮಾತು!) ಇದೇ 256 ಮಧ್ಯಪ್ರದೇಶದ ರೂಪನಾಥದಲ್ಲೂ ಇದೆ, ಬಿಹಾರದ ಸಾಸಾರಾಮಿನಲ್ಲೂ ಇದೆ. ಅಷ್ಟು ದೂರದೂರದ ಬಂಡೆಗಳಲ್ಲಿ ಒಂದೇ ಸಂಖ್ಯೆ ಬಂದಿದೆ ಅಂದ್ರೆ ಅದು ಮೂಲ ಪ್ರತಿಯಲ್ಲೇ ಇತ್ತು. ಎಲ್ಲರಿಗೂ ಹೋದದ್ದು ಒಂದೇ ಫೈಲ್.

ಆದರೆ ಬ್ರಹ್ಮಗಿರಿ ಮತ್ತು ಸಿದ್ದಾಪುರದ ಬಂಡೆಗಳ ಶುರುವಿನಲ್ಲಿ ರೂಪನಾಥ, ಸಾಸಾರಾಮುಗಳಲ್ಲಿ ಇಲ್ಲದ ಒಂದು ಮಾತಿದೆ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರ ಮತ್ತು ಮಹಾಮಾತ್ರರು ಹೇಳಿದಂತೆ ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಆಮೇಲೆ ಹೀಗೆ ಹೇಳತಕ್ಕದ್ದು ಅಂತ. ರಾಜನ ಸಂದೇಶ ಶುರುವಾಗೋದು ಇದಾದ ಮೇಲೆ. ಅಂದ್ರೆ ಮೊದಲನೆಯದು ಒಬ್ಬ ಅಧಿಕಾರಿ ಇನ್ನೊಬ್ಬ ಅಧಿಕಾರಿಗೆ ಬರೆದ ಮೇಲ್ಪತ್ರ. ಇದನ್ನು ಜನ ಓದಬೇಕಿರಲಿಲ್ಲ. ಕಲ್ಲುಕುಟಿಕ ಕೈಗೆ ಬಂದದ್ದನ್ನೆಲ್ಲ ಕೆತ್ತಿದ. ಕಾಗದದ ಜೊತೆ ಲಕೋಟೆಯೂ ಅಚ್ಚಾಯಿತು.

ಪ್ರಿಂಟರಿನಲ್ಲಿ ಇದನ್ನು ನೀವೂ ನೋಡಿರಬಹುದು. ತಪ್ಪು ಡ್ರೈವರ್ ಹಾಕಿದಾಗ ಮಷೀನಿಗೆ ಅಂತ ಇದ್ದ ಪೋಸ್ಟ್‌ಸ್ಕ್ರಿಪ್ಟ್ ಸೂಚನೆಗಳನ್ನೇ ಅದು ಅಕ್ಷರ ಅಂದುಕೊಂಡು ಹಾಳೆಗಟ್ಟಲೆ ಉಗುಳುತ್ತೆ. ಯಾವುದು ಸೂಚನೆ, ಯಾವುದು ಸಂದೇಶ ಅನ್ನೋ ಗೆರೆ ಮಧ್ಯದಲ್ಲಿ ಅಳಿಸಿಹೋದರೆ ಆಗೋದೇ ಹೀಗೆ.

ತಮಾಷೆ ಏನಂದ್ರೆ, ಈ ದೋಷದಿಂದಲೇ ನಮಗೆ ಇತಿಹಾಸ ಸಿಕ್ಕಿದ್ದು. ಮೌರ್ಯರ ದಕ್ಷಿಣದ ಆಡಳಿತಕ್ಕೆ ಸುವರ್ಣಗಿರಿ ಕೇಂದ್ರ, ಅಲ್ಲೊಬ್ಬ ರಾಜಕುಮಾರ, ಅವನ ಕೆಳಗೆ ಇಸಿಲ ಅನ್ನೋ ಊರು ಅಂತ ಗೊತ್ತಾಗೋದು ಈ ಲಕೋಟೆಯಿಂದ. ಮುಂದೆ ಮೈಸೂರಿನ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಬುಡದಲ್ಲಿ ಅಗೆಸಿದರು. ಇಸಿಲ ಇಲ್ಲೇ ಇದ್ದದ್ದು ಅನ್ನೋದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಕೊನೆಯ ಸಾಲಿನಲ್ಲೂ ಒಂದು ಸುಳಿವಿದೆ. ಬರೆದವನು ಚಪಡ ಅಂತ ಸಹಿ ಇದೆ. ಲಿಪಿಕಾರ ಅನ್ನೋ ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಓಡುವ ವಾಯವ್ಯ ಭಾರತದ ಲಿಪಿ, ಈಗಿನ ಪೇಶಾವರದ ಕಡೆಯದು. ಇಡೀ ಫೈಲ್ ಒಂದು ಫಾಂಟಿನಲ್ಲಿ, ಸಹಿಯ ಒಂದು ಪದ ಇನ್ನೊಂದು ಫಾಂಟಿನಲ್ಲಿ! ಚಪಡ ಆ ಕಡೆಯವನಿರಬೇಕು, ಇಲ್ಲವೇ ಅಲ್ಲಿ ಕೆಲಸ ಕಲಿತವನಿರಬೇಕು. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಇನ್ನೊಂದು ವಿಚಿತ್ರ. ಅಲ್ಲಿನ ಕಿರುಶಾಸನದಲ್ಲಿ ಬ್ರಾಹ್ಮಿಯದ್ದೇ ಕೆಲವು ಸಾಲು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ ಹೋಗ್ತವೆ. ರೂಪನಾಥದಲ್ಲಿ ಹೀಗಿಲ್ಲ, ಬ್ರಹ್ಮಗಿರಿಯಲ್ಲೂ ಇಲ್ಲ. ಆದ್ದರಿಂದ ಇದು ಮೂಲದ ದೋಷ ಅಲ್ಲ, ಆ ಒಂದು ಪ್ರಿಂಟರಿನದು.

ಅದೇ ಎರ್ರಗುಡಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಮಾತೂ ಇದೆ. ರಜ್ಜುಕ ಅನ್ನೋ ಅಧಿಕಾರಿ ಭೇರಿ ಹೊಡೆಸಿ ಜನಪದದವರಿಗೆ ಇದನ್ನು ತಿಳಿಸಬೇಕು ಅಂತ ಅಲ್ಲಿ ಆಜ್ಞೆ. ಅಚ್ಚು ಹಾಕಿದ ಮಾತ್ರಕ್ಕೆ ತಲುಪಿತು ಅಂತ ಲೆಕ್ಕ ಹಾಕಿರಲಿಲ್ಲ. ಬ್ರಹ್ಮಗಿರಿಯ ಬಂಡೆ ಹೇಳೋದು ಸರಳ ವಿಷಯ: ತಾಯಿ ತಂದೆಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ, ಗುರುವಿಗೆ ಗೌರವ ಕೊಡಿ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಸಿಗುತ್ತೆ. ಇಷ್ಟು ಸರಳವಾದದ್ದೂ ಇಲ್ಲಿನವರ ಆಡುಮಾತಲ್ಲದ ಪ್ರಾಕೃತದಲ್ಲಿತ್ತು. ಓದಿ ಹೇಳೋರು ಬೇಕಿತ್ತು. ಅವರು ಹೋದರು, ಲಿಪಿಯೂ ಬದಲಾಯಿತು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಮತ್ತೆ ಓದೋವರೆಗೆ ಅಂಥ ಬಂಡೆಗಳು ಬರೀ ಗುರುತುಗಳಾಗಿ ಉಳಿದಿದ್ದವು. ನಮ್ಮ ಜನ ಅದು ಅಕ್ಷರ ಅಂತ ಗುರುತಿಸಿ ಅಕ್ಷರಗುಂಡು ಅಂದರು. ಒಳಗೇನಿದೆ ಅಂತ ಹೇಳೋರು ಇರಲಿಲ್ಲ.

ಇದು ಹಳೇ ಕಾಲದ ಕಥೆ ಮಾತ್ರ ಅಲ್ಲ. ಊರಿನ ನಮ್ಮ ಮನೆಯ ಪ್ರಿಂಟರಿಗೆ ಅಕ್ಕಪಕ್ಕದವರೂ ಬರ್ತಾರೆ. ಪಹಣಿ, ಆಧಾರ್, ಪಿಂಚಣಿ ಕಾಗದ. ಕರೆಂಟು ಹೋಗಿ ಬಂದಾಗಲೆಲ್ಲ ರೂಟರು ಪ್ರಿಂಟರಿಗೆ ಹೊಸ ಐಪಿ ವಿಳಾಸ ಕೊಡ್ತಿತ್ತು, ಫೋನುಗಳು ಹಳೇ ವಿಳಾಸಕ್ಕೇ ಕಳಿಸಿ ಆಫ್‌ಲೈನ್ ಅಂತಿದ್ದವು. ರೂಟರಿನ ಸೆಟ್ಟಿಂಗ್‌ನಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸ ಹಾಕಿ ಒಂದು ಐಪಿ ಕಾಯಂ ಮಾಡಿದ ಮೇಲೆ ಆ ಕಾಟ ತಪ್ಪಿತು. ನಿಮ್ಮ ಮನೆಯಲ್ಲೂ ಮಾಡಿ, ಹತ್ತು ನಿಮಿಷದ ಕೆಲಸ.

ಪ್ರಿಂಟ್ ಸರಿಯಾಗಿ ಬಂದ ಒಂದು ದಿನ, ಪಿಂಚಣಿ ಕಾಗದ ಕೈಗೆ ಕೊಟ್ಟರೆ ಅಜ್ಜಿಯೊಬ್ಬರು ಅಲ್ಲೇ ನಿಂತಿದ್ದರು. "ಅಚ್ಚೇನೋ ಬಂದೈತೆ, ಅದ್ರಾಗೆ ಏನೈತೆ ಅಂತ ಓದಪ್ಪ" ಅಂದರು. ಓದಿ ಹೇಳಿದೆ. ಯಾವ ಕಚೇರಿಗೆ, ಯಾವ ತಾರೀಖಿನೊಳಗೆ ಹೋಗಬೇಕು ಅಂತ ಎರಡು ಸಲ ಕೇಳಿ ಬಾಯಿಪಾಠ ಮಾಡಿಕೊಂಡ ಮೇಲೇ ಅವರು ಹೊರಟಿದ್ದು.